ಬದಲಾಯಿಸಿದ ಚಾನೆಲ್ ರೀಬೂಟ್ ಆದಮೇಲೆ ಎಲ್ಲಿ ಹೋಯಿತು?

ಪ್ರಶ್ನೆ: ಮನೆಯ ವೈಫೈ ರೌಟರ್‌ಗೆ ಓಪನ್‌ವರ್ಟ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಎರಡು ತಿಂಗಳಾಯಿತು. ಇಷ್ಟು ದಿನ ಎಲ್ಲವನ್ನೂ ಬ್ರೌಸರ್‌ನಲ್ಲೇ ಮಾಡುತ್ತಿದ್ದೆ. ಕಮಾಂಡ್ ಲೈನ್‌ನಲ್ಲಿ ಯುಸಿಐ (ಸೆಟ್ಟಿಂಗ್ ಬದಲಾಯಿಸಲು ಅದರಲ್ಲಿರುವ ಸಾಧನ) ಕಲಿತರೆ ಒಳ್ಳೆಯದು ಅಂತ ಕೇಳಿ ಮೊನ್ನೆ ಕೈ ಹಾಕಿದೆ. 2.4 ಗಿಗಾಹರ್ಟ್ಜ್ ವೈಫೈ ಚಾನೆಲ್ಲನ್ನು 1ರಿಂದ 6ಕ್ಕೆ ಬದಲಾಯಿಸಿದೆ. ಯುಸಿಐಯನ್ನೇ ಕೇಳಿದರೆ 6 ಅಂತಲೇ ಹೇಳಿತು. ಆದರೆ ಫೋನಿನಲ್ಲಿ ನೋಡಿದರೆ ಇನ್ನೂ 1. ಸರಿ ಅಂತ ರೀಬೂಟ್ ಮಾಡಿದೆ. ಈಗ ಯುಸಿಐ ಕೂಡ 1 ಅನ್ನುತ್ತಿದೆ! ನಾನು ಮಾಡಿದ ತಪ್ಪೇನು? ಇನ್ನೊಂದು ಭಯವೂ ಇದೆ. ಏನಾದರೂ ತಪ್ಪು ಟೈಪ್ ಮಾಡಿ, ರೌಟರ್ ಒಳಗೆ ಹೋಗುವುದಕ್ಕೇ ಆಗದ ಹಾಗಾದರೆ? ಬ್ರೌಸರ್ ಇರುವಾಗ ಇದೆಲ್ಲ ಬೇಕಾ?

ಉತ್ತರ: ನೀವು ಕೊಟ್ಟ ಕಮಾಂಡ್ ಸರಿಯಾಗೇ ಇತ್ತು. ಕೆಲಸ ಅರ್ಧಕ್ಕೆ ನಿಂತಿತು, ಅಷ್ಟೆ. ಯುಸಿಐ ಜೊತೆ ಒದ್ದಾಡುವವರಲ್ಲಿ ಹೆಚ್ಚಿನವರು ಮೊದಲು ಎಡವುವುದು ಇಲ್ಲೇ.

ಚಾನೆಲ್ ನಂಬರ್ ನಿಮ್ಮ ರೌಟರ್‌ನಲ್ಲಿ ಒಂದೇ ಕಡೆ ಇರುವುದಿಲ್ಲ, ಮೂರು ಕಡೆ ಇರುತ್ತದೆ. ಮೊದಲನೆಯದು ಕರಡು. ನೀವು 'ಸೆಟ್' ಅಂದಾಗ ಯುಸಿಐ ಅದನ್ನು ಟಿಎಂಪಿ ಅನ್ನುವ ಜಾಗದಲ್ಲಿ ಗೀಚಿಟ್ಟುಕೊಳ್ಳುತ್ತದೆ. ಆ ಜಾಗ ಇರುವುದು ರ‍್ಯಾಮ್‌ನಲ್ಲಿ. ಕರೆಂಟ್ ಹೋದರೆ, ರೀಬೂಟ್ ಆದರೆ ಅದೂ ಹೋಗುತ್ತದೆ. ಎರಡನೆಯದು ನಿಜವಾದ ಫೈಲ್. ಇಟಿಸಿ ಫೋಲ್ಡರ್ ಒಳಗೆ ಕಾನ್ಫಿಗ್ ಅಂತ ಒಂದು ಫೋಲ್ಡರ್ ಇದೆ. ಅದರಲ್ಲಿ ವೈರ್‌ಲೆಸ್, ನೆಟ್‌ವರ್ಕ್, ಫೈರ್‌ವಾಲ್, ಡಿಎಚ್‌ಸಿಪಿ, ಸಿಸ್ಟಮ್ ಅಂತ ಬೇರೆ ಬೇರೆ ಫೈಲ್‌ಗಳಿವೆ. ಇವು ಫ್ಲ್ಯಾಶ್ ಮೆಮೊರಿಯಲ್ಲಿ ಉಳಿಯುತ್ತವೆ. ಮೂರನೆಯದು, ಈ ಕ್ಷಣ ರೇಡಿಯೊ ಚಿಪ್ ನಿಜವಾಗಿ ಯಾವ ಚಾನೆಲ್‌ನಲ್ಲಿ ಮಾತಾಡುತ್ತಿದೆ ಅನ್ನುವುದು.

ನೀವು ಬದಲಾಯಿಸಿದ್ದು ಕರಡನ್ನು ಮಾತ್ರ. 'ಗೆಟ್' ಅಂತ ಕೇಳಿದಾಗ ಯುಸಿಐ ಫೈಲನ್ನು ಓದಿ, ಅದರ ಮೇಲೆ ಕರಡನ್ನೂ ಸೇರಿಸಿ ಉತ್ತರ ಹೇಳುತ್ತದೆ. ಹಾಗಾಗಿ 6 ಅಂದಿತು. ಸುಳ್ಳೇನಲ್ಲ, ಪೂರ್ತಿ ನಿಜವೂ ಅಲ್ಲ. ರೇಡಿಯೊಗೆ ಯಾರೂ ಏನೂ ಹೇಳಿರಲಿಲ್ಲ, ಅದಕ್ಕೇ ಫೋನಿನಲ್ಲಿ 1 ಕಾಣಿಸಿತು. ರೀಬೂಟ್ ಆದಾಗ ಕರಡು ಅಳಿಸಿಹೋಯಿತು. ಫೈಲ್‌ನಲ್ಲಿದ್ದ ಹಳೆಯ 1 ಉಳಿಯಿತು.

ಪೂರ್ತಿ ಕೆಲಸ ಹೀಗಿರುತ್ತದೆ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳೇ ಇರಲಿ. ಚುಕ್ಕೆ ಇರುವಲ್ಲಿ ಚುಕ್ಕೆ ಇಡಿ, ಸಮ ಚಿಹ್ನೆಯ ಆಚೀಚೆ ಜಾಗ ಬಿಡಬೇಡಿ.

ಯುಸಿಐ ಸೆಟ್ ವೈರ್‌ಲೆಸ್.ರೇಡಿಯೊ0.ಚಾನೆಲ್=6
ಯುಸಿಐ ಚೇಂಜಸ್
ಯುಸಿಐ ಕಮಿಟ್ ವೈರ್‌ಲೆಸ್
ವೈಫೈ ರೀಲೋಡ್

ಮೊದಲ ಸಾಲು ಕರಡು ಬರೆಯುತ್ತದೆ. ಎರಡನೆಯದು ಕರಡಿನಲ್ಲಿ ಏನೇನಿದೆ ಅಂತ ತೋರಿಸುತ್ತದೆ. ಮೂರನೆಯದು ಕರಡನ್ನು ಫೈಲ್‌ಗೆ ಇಳಿಸುತ್ತದೆ. ನಾಲ್ಕನೆಯದು ರೇಡಿಯೊಗೆ 'ಫೈಲ್ ಬದಲಾಗಿದೆ, ಮತ್ತೆ ಓದು' ಅನ್ನುತ್ತದೆ. ಕಮಿಟ್ ಮಾಡಿ ರೀಲೋಡ್ ಮರೆತರೆ ಬದಲಾವಣೆ ಮುಂದಿನ ರೀಬೂಟ್ ತನಕ ಸುಮ್ನೆ ಕೂತಿರುತ್ತದೆ. ಇದು ನಿಮಗಾದ ತಪ್ಪಿನ ಉಲ್ಟಾ ರೂಪ. ಇನ್ನೂ ಜಾಸ್ತಿ ತಲೆ ಕೆಡಿಸುತ್ತದೆ, ಯಾಕೆಂದರೆ ವಾರದ ಹಿಂದೆ ಮಾಡಿದ ತಪ್ಪು ಇವತ್ತು ಕರೆಂಟ್ ಹೋಗಿ ಬಂದಮೇಲೆ ಜೀವ ಪಡೆಯುತ್ತದೆ. ಆಗ ಅದನ್ನು ಯಾರಿಗೆ ನೆನಪಿರುತ್ತದೆ?

ಎರಡನೇ ಸಾಲನ್ನು ಯಾವತ್ತೂ ಬಿಡಬೇಡಿ. ನಾನಂತೂ ಕಮಿಟ್ ಹೊಡೆಯುವ ಮುಂಚೆ ಚೇಂಜಸ್ ನೋಡದೇ ಇರುವುದಿಲ್ಲ. ಅದರಲ್ಲಿ ಒಂದೇ ಸಾಲು ಇರಬೇಕಾದ ಕಡೆ ಮೂರು ಸಾಲು ಕಂಡರೆ, ಹಿಂದೆ ಯಾವಾಗಲೋ ಬಿಟ್ಟ ಅರ್ಧ ಕೆಲಸ ಇನ್ನೂ ಕರಡಿನಲ್ಲಿದೆ ಅಂತ ಅರ್ಥ. ಸಾಲಿನ ಮೊದಲಲ್ಲಿ ಕಳೆಯುವ ಚಿಹ್ನೆ ಇದ್ದರೆ ಅದು ಅಳಿಸಲಿರುವ ಸಾಲು. ಬೇಡ ಅನ್ನಿಸಿದರೆ 'ಯುಸಿಐ ರಿವರ್ಟ್ ವೈರ್‌ಲೆಸ್' ಅನ್ನಿ, ಆ ಫೈಲಿನ ಕರಡು ಪೂರ್ತಿ ಹೋಗುತ್ತದೆ. ಕಮಿಟ್ ಜೊತೆ ಫೈಲಿನ ಹೆಸರು ಹೇಳುವ ಅಭ್ಯಾಸವೂ ಇರಲಿ. ಬರೀ 'ಯುಸಿಐ ಕಮಿಟ್' ಅಂದರೆ ಎಲ್ಲ ಫೈಲ್‌ಗಳ ಕರಡೂ ಒಟ್ಟಿಗೆ ಇಳಿದುಬಿಡುತ್ತದೆ.

ಮೂರನೇ ಜಾಗವನ್ನು, ಅಂದರೆ ನಿಜವಾಗಿ ಓಡುತ್ತಿರುವುದನ್ನು, ಯುಸಿಐ ಹೇಳಲಾರದು. ಅದಕ್ಕೆ ಬೇರೆ ಕಮಾಂಡ್ ಇದೆ: ಐಡಬ್ಲ್ಯೂಇನ್ಫೋ. ಬರೀ ಅಷ್ಟೇ ಟೈಪ್ ಮಾಡಿದರೆ ಪ್ರತಿ ವೈಫೈ ಇಂಟರ್‌ಫೇಸ್‌ನ ಹೆಸರು, ಚಾನೆಲ್, ಎನ್‌ಕ್ರಿಪ್ಷನ್ ಎಲ್ಲ ಬರುತ್ತದೆ. ಯುಸಿಐ ಒಂದು ಹೇಳಿ ಇದು ಇನ್ನೊಂದು ಹೇಳಿದರೆ, ಹೆಚ್ಚಾಗಿ ನೀವು ಮೇಲಿನ ಸಾಲುಗಳಲ್ಲಿ ಕಮಿಟ್ ಅಥವಾ ರೀಲೋಡ್ ಬಿಟ್ಟಿದ್ದೀರಿ.

ಅಂದಹಾಗೆ, ರೇಡಿಯೊ0 ಅಂದರೆ 2.4, ರೇಡಿಯೊ1 ಅಂದರೆ 5 ಗಿಗಾಹರ್ಟ್ಜ್ ಅಂತ ನಂಬಿಕೊಂಡು ಹೋಗಬೇಡಿ. ಕೆಲವು ರೌಟರ್‌ಗಳಲ್ಲಿ ಇದು ತಿರುವುಮುರುವು. 'ಯುಸಿಐ ಗೆಟ್ ವೈರ್‌ಲೆಸ್.ರೇಡಿಯೊ0.ಬ್ಯಾಂಡ್' ಅಂತ ಕೇಳಿದರೆ 2ಜಿ ಅಥವಾ 5ಜಿ ಅಂತ ಹೇಳುತ್ತದೆ. ಮೊಬೈಲ್ 5ಜಿಗೂ ಇದಕ್ಕೂ ಸಂಬಂಧ ಇಲ್ಲ.

ಈಗ ನಿಮ್ಮ ಭಯದ ವಿಷಯಕ್ಕೆ ಬರೋಣ. ಭಯ ಇರುವುದು ಒಳ್ಳೆಯದೇ, ಯಾಕೆಂದರೆ ಯುಸಿಐ ನಿಮ್ಮನ್ನು ತಡೆಯುವುದಿಲ್ಲ. ಅದಕ್ಕೆ ವೈಫೈ ಅಂದರೇನು ಅಂತಲೇ ಗೊತ್ತಿಲ್ಲ. ಹೆಸರು ಮತ್ತು ಮೌಲ್ಯದ ಜೋಡಿಗಳನ್ನು ಬರೆದಿಡುವುದಷ್ಟೇ ಅದರ ಕೆಲಸ. ಚಾನೆಲ್ ಅನ್ನುವ ಇಂಗ್ಲಿಷ್ ಪದದಲ್ಲಿ ಎನ್ ಅಕ್ಷರ ಎರಡು ಸಲ ಬರುತ್ತದೆ. ಒಂದೇ ಎನ್ ಹಾಕಿ ಸೆಟ್ ಮಾಡಿ ನೋಡಿ. ತಪ್ಪು ಅಂತ ಒಂದು ಮಾತು ಆಡದೆ ಬರೆದುಕೊಳ್ಳುತ್ತದೆ. ಕಮಿಟ್ ಕೂಡ ಆಗುತ್ತದೆ. ಆದರೆ ಆ ಹೆಸರಿನ ಸೆಟ್ಟಿಂಗ್ ರೇಡಿಯೊಗೆ ಗೊತ್ತೇ ಇಲ್ಲ, ಅದು ಹಳೆಯದರಲ್ಲೇ ಮುಂದುವರಿಯುತ್ತದೆ. ಬ್ರೌಸರ್ ಪುಟದಲ್ಲಾದರೆ ಪಟ್ಟಿಯಿಂದ ಆರಿಸಿಕೊಳ್ಳುತ್ತೀರಿ, ಈ ಅಪಾಯ ಇಲ್ಲ. ಹಾಗಾಗಿ ಹೊಸ ಸೆಟ್ಟಿಂಗ್ ಬರೆಯುವ ಮುಂಚೆ 'ಯುಸಿಐ ಶೋ ವೈರ್‌ಲೆಸ್' ಅಂತ ಪೂರ್ತಿ ನೋಡಿ, ಅಲ್ಲಿರುವ ಸಾಲನ್ನೇ ಕಾಪಿ ಮಾಡಿಕೊಂಡು ಕೊನೆಯ ಮೌಲ್ಯವನ್ನು ಮಾತ್ರ ಬದಲಾಯಿಸಿ. ಇನ್ನೊಂದು ಮಾತು: ಶೋ ತೋರಿಸುವುದರಲ್ಲಿ ವೈಫೈ ಪಾಸ್‌ವರ್ಡ್ ಮುಚ್ಚುಮರೆ ಇಲ್ಲದೆ ಇರುತ್ತದೆ. ಸಹಾಯ ಕೇಳಲು ಯಾರಿಗಾದರೂ ಕಳಿಸುವ ಮುಂಚೆ ಆ ಸಾಲನ್ನು ಅಳಿಸಿ.

ಪಾಸ್‌ವರ್ಡ್ ಅಂದಾಗ ನೆನಪಾಯಿತು. ಒಂದು ಸಲ ನಾನು ಇದರಲ್ಲೇ ಅರ್ಧ ಗಂಟೆ ಕಳೆದಿದ್ದೇನೆ. ಹೊಸ ಪಾಸ್‌ವರ್ಡ್‌ನಲ್ಲಿ ನಾಲ್ಕು ಅಕ್ಷರ, ಆಮೇಲೆ $2024. ಒಟ್ಟು 9. ಎರಡೆರಡು ಗೀಟಿನ ಉದ್ಧರಣ ಚಿಹ್ನೆಯೊಳಗೆ ಹಾಕಿ ಸೆಟ್ ಮಾಡಿದೆ, ಕಮಿಟ್ ಮಾಡಿದೆ, ರೀಲೋಡ್ ಮಾಡಿದೆ. ವೈಫೈ ಹೆಸರೇ ಮಾಯ! ಕೇಬಲ್ ಹಾಕಿ ಒಳಗೆ ಹೋಗಿ 'ಯುಸಿಐ ಗೆಟ್' ಅಂತ ಕೇಳಿದರೆ ನನ್ನ ನಾಲ್ಕು ಅಕ್ಷರ ಮತ್ತು 024. ಡಾಲರ್ ಚಿಹ್ನೆಯೂ ಇಲ್ಲ, 2ಕ್ಕೂ ಪತ್ತೆ ಇಲ್ಲ. ಆಗಿದ್ದೇನೆಂದರೆ, $2 ಅನ್ನುವುದಕ್ಕೆ ಶೆಲ್‌ನಲ್ಲಿ, ಅಂದರೆ ನಾವು ಟೈಪ್ ಮಾಡಿದ ಕಮಾಂಡನ್ನು ಮೊದಲು ಓದುವ ಪ್ರೋಗ್ರಾಂನಲ್ಲಿ, ಬೇರೆಯೇ ಅರ್ಥ ಇದೆ. ಅದು ಖಾಲಿ ಇದ್ದದ್ದರಿಂದ ಶೆಲ್ ಅದನ್ನು ನುಂಗಿ ಮಿಕ್ಕಿದ್ದನ್ನು ಯುಸಿಐಗೆ ಕೊಟ್ಟಿತ್ತು. ಉಳಿದದ್ದು 7 ಅಕ್ಷರ. ಡಬ್ಲ್ಯೂಪಿಎ2 ಅನ್ನುವ ವೈಫೈ ಭದ್ರತೆಯಲ್ಲಿ ಪಾಸ್‌ವರ್ಡ್ 8ರಿಂದ 63 ಅಕ್ಷರ ಇರಲೇಬೇಕು. ಹಾಗಾಗಿ ವೈಫೈ ಶುರುವೇ ಆಗಲಿಲ್ಲ. ಪಾಸ್‌ವರ್ಡನ್ನು ಯಾವಾಗಲೂ ಒಂಟಿ ಗೀಟಿನ ಉದ್ಧರಣ ಚಿಹ್ನೆಯೊಳಗೆ ಹಾಕಿ, ಆಗ ಶೆಲ್ ಒಳಗೆ ಕೈ ಹಾಕುವುದಿಲ್ಲ. ಒಂದು ಅಕ್ಷರ ಕಡಿಮೆಯಾಗಿದ್ದರಿಂದ ನಾನು ಬಚಾವಾದೆ ಅಂತಲೂ ಹೇಳಬಹುದು. ಪಾಸ್‌ವರ್ಡ್ ಇನ್ನೊಂದಕ್ಷರ ಉದ್ದ ಇದ್ದಿದ್ದರೆ ವೈಫೈ ಶುರುವಾಗುತ್ತಿತ್ತು, ಯಾವ ಫೋನೂ ಸೇರುತ್ತಿರಲಿಲ್ಲ, ನಾನು ಫೋನುಗಳನ್ನು ಬೈಯುತ್ತಾ ಕೂತಿರುತ್ತಿದ್ದೆ.

ರೌಟರ್‌ನಿಂದ ಹೊರಗೆ ಬಿದ್ದೆ ಅಂತ ಅನ್ನಿಸುವ ಸಂದರ್ಭಗಳಲ್ಲಿ ಎಲ್ಲವೂ ನಿಜವಾಗಿ ಹಾಗಲ್ಲ. ವೈಫೈ ಮೂಲಕವೇ ಲಾಗಿನ್ ಆಗಿ ರೀಲೋಡ್ ಹೊಡೆದರೆ ನೀವು ಕೂತ ಕೊಂಬೆಯನ್ನೇ ಅಲ್ಲಾಡಿಸಿದ ಹಾಗೆ, ಕಮಾಂಡ್ ಟೈಪ್ ಮಾಡುವ ಕಿಟಕಿ ಕೆಲವು ಸೆಕೆಂಡ್ ಕಲ್ಲಾಗುತ್ತದೆ. ಕಾಯಿರಿ, ವಾಪಸ್ ಬರುತ್ತದೆ. 5 ಗಿಗಾಹರ್ಟ್ಜ್‌ನಲ್ಲಿ ಇನ್ನೂ ಜಾಸ್ತಿ ಕಾಯಬೇಕಾಗಬಹುದು. ಅಲ್ಲಿ 52ರಿಂದ 144ರವರೆಗಿನ ಚಾನೆಲ್‌ಗಳನ್ನು ಅನೇಕ ದೇಶಗಳಲ್ಲಿ ರೇಡಾರ್‌ಗಳ ಜೊತೆ ಹಂಚಿಕೊಳ್ಳಬೇಕು. ಅಂಥ ಚಾನೆಲ್ ಕೊಟ್ಟರೆ ರೌಟರ್ ಮೊದಲು ಸಾಮಾನ್ಯವಾಗಿ 60 ಸೆಕೆಂಡ್ ಬಾಯಿ ಮುಚ್ಚಿ ಕೇಳಿಸಿಕೊಳ್ಳುತ್ತದೆ. ರೇಡಾರ್ ಇಲ್ಲ ಅಂತ ಖಾತ್ರಿಯಾದಮೇಲೇ ವೈಫೈ ಹೆಸರು ಕಾಣಿಸುತ್ತದೆ. ಆ ಒಂದು ನಿಮಿಷದಲ್ಲಿ ಗಾಬರಿಯಾಗಿ ರೀಸೆಟ್ ಗುಂಡಿ ಒತ್ತಿದವರು ಎಷ್ಟು ಜನರೋ! ಲ್ಯಾನ್ ವಿಳಾಸ, ಅಂದರೆ ಮನೆಯ ನೆಟ್‌ವರ್ಕ್‌ನಲ್ಲಿ ರೌಟರ್‌ನ ವಿಳಾಸ, ಬದಲಾಯಿಸಿದಾಗಲೂ ಹೀಗೇ. ರೌಟರ್ ಎಲ್ಲೂ ಹೋಗಿಲ್ಲ, ನೀವು ಹಳೆಯ ವಿಳಾಸದ ಬಾಗಿಲು ತಟ್ಟುತ್ತಿದ್ದೀರಿ. ಕೇಬಲ್ ತೆಗೆದು ಹಾಕಿ, ಹೊಸ ವಿಳಾಸಕ್ಕೆ ಹೋಗಿ.

ನಿಜವಾಗಿ ಅಪಾಯದ ಬದಲಾವಣೆ ಮಾಡುವಾಗ ಮೊದಲ ಸಲಹೆ: ಕೇಬಲ್ ಹಾಕಿಕೊಳ್ಳಿ. ವೈಫೈ ಸೆಟ್ಟಿಂಗ್ ಎಷ್ಟೇ ಹಾಳಾದರೂ ಕೇಬಲ್ ದಾರಿ ತೆರೆದಿರುತ್ತದೆ. ಕೇಬಲ್ ಇಲ್ಲದಿದ್ದರೆ ಒಂದು ಉಪಾಯ ಇದೆ. ಬ್ರೌಸರ್ ಪುಟದಲ್ಲಿ ಸೆಟ್ಟಿಂಗ್ ಉಳಿಸಿದಾಗ ಅದು ಸಾಮಾನ್ಯವಾಗಿ 90 ಸೆಕೆಂಡ್ ಕಾದು ನೋಡುತ್ತದೆ. ಅಷ್ಟರಲ್ಲಿ ನಿಮ್ಮ ಬ್ರೌಸರ್ ರೌಟರನ್ನು ಮತ್ತೆ ಮುಟ್ಟದಿದ್ದರೆ ಹಳೆಯದನ್ನು ತಾನೇ ವಾಪಸ್ ಇಡುತ್ತದೆ. ಯುಸಿಐನಲ್ಲಿ ಈ ವ್ಯವಸ್ಥೆ ಇಲ್ಲ. ನಾವೇ ಕಟ್ಟಿಕೊಳ್ಳಬೇಕು, ಎರಡೇ ಸಾಲು:

ಸಿಪಿ /ಇಟಿಸಿ/ಕಾನ್ಫಿಗ್/ವೈರ್‌ಲೆಸ್ /ರೂಟ್/ಹಳೆಯದು
(ಸ್ಲೀಪ್ 180; ಸಿಪಿ /ರೂಟ್/ಹಳೆಯದು /ಇಟಿಸಿ/ಕಾನ್ಫಿಗ್/ವೈರ್‌ಲೆಸ್; ವೈಫೈ ರೀಲೋಡ್) &

'ಹಳೆಯದು' ಅನ್ನುವಲ್ಲಿ ನಿಮಗೆ ಬೇಕಾದ ಹೆಸರಿಡಿ. ಮೊದಲ ಸಾಲು ಈಗಿನ ಫೈಲಿನ ನಕಲು ತೆಗೆದಿಡುತ್ತದೆ. ಎರಡನೆಯದು ಹಿಂದೆ ಕೂತು 180 ಸೆಕೆಂಡ್ ಎಣಿಸಿ, ನಕಲನ್ನು ವಾಪಸ್ ಇಟ್ಟು ವೈಫೈ ರೀಲೋಡ್ ಮಾಡುತ್ತದೆ. ಇದನ್ನು ಓಡಿಸಿಬಿಟ್ಟು ಆಮೇಲೆ ನಿಮ್ಮ ಸೆಟ್, ಕಮಿಟ್, ರೀಲೋಡ್ ಮಾಡಿ. ಎಡವಟ್ಟಾದರೆ ಮೂರು ನಿಮಿಷ ಸುಮ್ಮನಿದ್ದರೆ ಸಾಕು. ಎಲ್ಲ ಸರಿಯಾದರೆ? ಹೊಸ ಫೈಲನ್ನೇ ಆ ನಕಲಿನ ಮೇಲೆ ಕಾಪಿ ಮಾಡಿಬಿಡಿ. ಸಮಯ ಆದಾಗ ಅದು ಹೊಸದನ್ನೇ ಹೊಸದರ ಮೇಲೆ ಇಡುತ್ತದೆ, ಯಾರಿಗೂ ನಷ್ಟ ಇಲ್ಲ. ಆ ಕಾವಲುಗಾರನನ್ನು ಹುಡುಕಿ ಕೊಲ್ಲುವ ಕೆಲಸ ತಪ್ಪಿತು.

ಇದೂ ಕೈಕೊಟ್ಟರೆ ಫೇಲ್‌ಸೇಫ್ ಇದೆ, ಅಂದರೆ ನಿಮ್ಮ ಸೆಟ್ಟಿಂಗ್‌ಗಳನ್ನು ಬದಿಗಿಟ್ಟು ರೌಟರ್ ಶುರುವಾಗುವ ತುರ್ತು ದಾರಿ. ರೌಟರ್ ಆನ್ ಆಗುವಾಗ ಒಂದು ಹಂತದಲ್ಲಿ ಎಲ್‌ಇಡಿ ಮಿಣುಕಲು ಶುರುವಾಗುತ್ತದೆ. ಆಗಲೇ ರೀಸೆಟ್ ಗುಂಡಿ ಒತ್ತಿ. ಮಿಣುಕು ಇನ್ನೂ ಜೋರಾದರೆ ಫೇಲ್‌ಸೇಫ್‌ಗೆ ಹೋಯಿತು ಅಂತ. ಕಂಪ್ಯೂಟರ್‌ಗೆ ಕೈಯಾರೆ 192.168.1.2 ವಿಳಾಸ ಕೊಟ್ಟು, ಕೇಬಲ್ ಹಾಕಿ, 192.168.1.1ಕ್ಕೆ ರೂಟ್ ಹೆಸರಿನಲ್ಲಿ ಎಸ್‌ಎಸ್‌ಎಚ್ ಮಾಡಿ (ಕಮಾಂಡ್ ಲೈನ್‌ನಿಂದ ಲಾಗಿನ್ ಆಗಿ). ಪಾಸ್‌ವರ್ಡ್ ಕೇಳುವುದಿಲ್ಲ. ರೌಟರ್‌ನ ಗುರುತು ಬದಲಾಗಿದೆ ಅಂತ ಕಂಪ್ಯೂಟರ್ ಕಿರುಚಬಹುದು. ಫೇಲ್‌ಸೇಫ್‌ನಲ್ಲಿ ತಾತ್ಕಾಲಿಕ ಕೀಲಿ ಬಳಸುವುದರಿಂದ ಹಾಗೆ, ಹೆದರಬೇಡಿ. ಒಳಗೆ ಹೋದಮೇಲೆ 'ಮೌಂಟ್_ರೂಟ್' ಅನ್ನಿ, ನಿಮ್ಮ ಫೈಲ್‌ಗಳು ಕಾಣಿಸುತ್ತವೆ. ಸರಿಮಾಡಿ ರೀಬೂಟ್ ಮಾಡಿ. ಎಲ್ಲ ಅಳಿಸಿ ಮೊದಲಿನಂತೆ ಮಾಡುವ 'ಫಸ್ಟ್‌ಬೂಟ್' ಕೊನೆಯ ಅಸ್ತ್ರ. ಅದಕ್ಕೆ ಮುಂಚೆ ಬ್ಯಾಕಪ್ ಇದೆಯಾ ನೋಡಿಕೊಳ್ಳಿ.

ಬ್ಯಾಕಪ್‌ಗೆ 'ಸಿಸ್‌ಅಪ್‌ಗ್ರೇಡ್ -ಬಿ' ಅಂತ ಬರೆದು ಮುಂದೆ ಫೈಲಿನ ಹೆಸರು ಕೊಟ್ಟರೆ ಸಾಕು. ಆ ಫೈಲನ್ನು ಟಿಎಂಪಿಯಲ್ಲೇ ಬಿಡಬೇಡಿ, ಕರಡಿಗಾದ ಗತಿಯೇ ಅದಕ್ಕೂ ಆಗುತ್ತದೆ. ಕಂಪ್ಯೂಟರ್‌ಗೆ ಎಳೆದುಕೊಳ್ಳಲು ಎಸ್‌ಸಿಪಿ ಬಳಸುವಾಗ ವಿಚಿತ್ರ ಎರರ್ ಬಂದರೆ ದೊಡ್ಡಕ್ಷರದ '-ಓ' ಸೇರಿಸಿ ನೋಡಿ. 2022ರ ಓಪನ್‌ಎಸ್‌ಎಸ್‌ಎಚ್ 9.0ರಿಂದ ಎಸ್‌ಸಿಪಿ ಒಳಗಿನ ವಿಧಾನ ಬದಲಾಗಿದೆ. ರೌಟರ್‌ನಲ್ಲಿರುವ ಪುಟ್ಟ ಸರ್ವರ್‌ಗೆ ಹಳೆಯ ವಿಧಾನವೇ ಬೇಕು.

ಬ್ರೌಸರ್ ಇರುವಾಗ ಇದೆಲ್ಲ ಬೇಕಾ ಅಂತ ಕೇಳಿದಿರಿ. ಚಾನೆಲ್ ಒಂದನ್ನೇ ಬದಲಾಯಿಸುವುದಾದರೆ ಬೇಡ. ನಾನೂ ಅದಕ್ಕೆ ಬ್ರೌಸರನ್ನೇ ತೆರೆಯುತ್ತೇನೆ. ಯುಸಿಐ ಬೇಕಾಗುವುದು ನೆನಪಿಗೆ. ಬ್ರೌಸರ್‌ನಲ್ಲಿ ಒತ್ತಿದ ಇಪ್ಪತ್ತು ಗುಂಡಿಗಳನ್ನು ಆರು ತಿಂಗಳಾದಮೇಲೆ ಯಾರೂ ಹೇಳಲಾರರು. ಅದನ್ನೇ ಇಪ್ಪತ್ತು ಯುಸಿಐ ಸಾಲುಗಳಾಗಿ ಒಂದು ಫೈಲ್‌ನಲ್ಲಿ ಬರೆದಿಟ್ಟರೆ, ರೌಟರ್ ಕೆಟ್ಟು ಹೊಸದು ಬಂದಾಗ ಅದನ್ನೇ ಮತ್ತೆ ಓಡಿಸಬಹುದು. ಅತಿಥಿಗಳಿಗೆ ಬೇರೆ ವೈಫೈ ಮಾಡುವಂಥ ಉದ್ದದ ಕೆಲಸಕ್ಕೆ ಇದು ಹೇಳಿ ಮಾಡಿಸಿದ್ದು. ಹಾಗೆ ಬರೆಯುವಾಗ ಒಂದು ಎಚ್ಚರ. ಫೈರ್‌ವಾಲ್ ರೂಲ್‌ಗಳಿಗೆ ಅನೇಕ ಸಲ ಹೆಸರಿರುವುದಿಲ್ಲ, @ರೂಲ್[3] ಅಂತ ನಂಬರ್ ಮಾತ್ರ ಇರುತ್ತದೆ. ಎಣಿಕೆ ಸೊನ್ನೆಯಿಂದ ಶುರು. 3ನ್ನು ಅಳಿಸಿದ ತಕ್ಷಣ 4 ಇದ್ದದ್ದು 3 ಆಗುತ್ತದೆ. ಆಮೇಲೆ 4ನ್ನು ಅಳಿಸಿದರೆ ಹೋಗುವುದು ಬೇರೆಯದೇ ರೂಲ್. ಹಲವನ್ನು ಅಳಿಸುವುದಿದ್ದರೆ ದೊಡ್ಡ ನಂಬರ್‌ನಿಂದ ಕೆಳಗೆ ಬನ್ನಿ.

ಸೆಟ್ ಮಾಡು, ಕಮಿಟ್ ಮಾಡು ಅನ್ನುವ ಈ ಪದ್ಧತಿ ಹಳೆಯದು. ಓಪನ್‌ವರ್ಟ್ 2004ರಲ್ಲಿ ಹುಟ್ಟಿದ್ದು ಲಿಂಕ್‌ಸಿಸ್ ಡಬ್ಲ್ಯೂಆರ್‌ಟಿ54ಜಿ ಅನ್ನುವ ನೀಲಿ ಕಪ್ಪು ರೌಟರ್‌ನ ಬೆನ್ನಿಗೆ. ಹೆಸರಿನಲ್ಲಿರುವ 'ವರ್ಟ್' ಅಲ್ಲಿಂದಲೇ ಬಂದದ್ದು. ಆಗ ಸೆಟ್ಟಿಂಗ್‌ಗಳೆಲ್ಲ ಎನ್‌ವಿರ‍್ಯಾಮ್ ಅನ್ನುವ ಒಂದೇ ಗುಡ್ಡೆಯಲ್ಲಿ ಇರುತ್ತಿದ್ದವು. ಅದಕ್ಕೂ ಸೆಟ್, ಕಮಿಟ್ ಇತ್ತು. 2007ರ ಕಾಮಿಕಾಝೆ ಆವೃತ್ತಿಯಿಂದ ಆ ಗುಡ್ಡೆ ಒಡೆದು ಈಗಿನ ಬೇರೆ ಬೇರೆ ಫೈಲ್‌ಗಳಾದವು. ನನ್ನ ಮಟ್ಟಿಗೆ ಅದು ದೊಡ್ಡ ಉಪಕಾರ, ಫೈಲನ್ನು ಕಣ್ಣಿಂದ ಓದಬಹುದಲ್ವಾ.

ರಾತ್ರಿ ವೈಫೈ ತಾನಾಗೇ ಆರಬೇಕು ಅನ್ನುವ ಆಸೆ ಇದ್ದರೆ 'ವೈಫೈ ಡೌನ್', 'ವೈಫೈ ಅಪ್' ಎರಡನ್ನೂ ಕ್ರಾನ್‌ಟ್ಯಾಬ್‌ಗೆ (ಹೇಳಿದ ಹೊತ್ತಿಗೆ ಓಡಬೇಕಾದ ಕಮಾಂಡ್‌ಗಳ ಪಟ್ಟಿ) ಹಾಕಿ ಕ್ರಾನ್ ಸೇವೆಯನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಮೊದಲು ಸಮಯ ವಲಯ ಸರಿಯಿದೆಯಾ ನೋಡಿ. ಬದಲಾಯಿಸದಿದ್ದರೆ ರೌಟರ್ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲೇ ಇರುತ್ತದೆ, ವೈಫೈ ನೀವು ಅಂದುಕೊಂಡ ಹೊತ್ತು ಬಿಟ್ಟು ಬೇರೆ ಹೊತ್ತಿಗೆ ಆರಬಹುದು.

ಕೊನೆಗೆ ನಿಮ್ಮ 6ನೇ ಚಾನೆಲ್. ಅದನ್ನು ಯಾಕೆ ಆರಿಸಿದಿರಿ ಅಂತ ಹೇಳಲಿಲ್ಲ. 2.4 ಗಿಗಾಹರ್ಟ್ಜ್‌ನಲ್ಲಿ ಚಾನೆಲ್‌ಗಳ ನಡುವೆ 5 ಮೆಗಾಹರ್ಟ್ಜ್ ಅಂತರ, ಆದರೆ ಒಂದು ವೈಫೈ ಸಿಗ್ನಲ್ 20 ಮೆಗಾಹರ್ಟ್ಜ್ ಜಾಗ ಹಿಡಿಯುತ್ತದೆ. ಅದಕ್ಕೇ ಸಾಮಾನ್ಯವಾಗಿ 1, 6, 11 ಬಳಸುತ್ತಾರೆ, ಇವು ಒಂದರ ಮೇಲೊಂದು ಬೀಳುವುದಿಲ್ಲ. 3 ಖಾಲಿ ಇದೆ ಅಂತ ಅಲ್ಲಿ ಹೋಗಿ ಕೂತರೆ 1ಕ್ಕೂ 6ಕ್ಕೂ ಕಾಟ ಕೊಟ್ಟು ಇಬ್ಬರಿಂದಲೂ ಕಾಟ ತಿನ್ನುತ್ತೀರಿ. ಐಡಬ್ಲ್ಯೂಇನ್ಫೋ ಅಂತ ಬರೆದು, ಆಮೇಲೆ ಅದು ತೋರಿಸಿದ ಇಂಟರ್‌ಫೇಸ್ ಹೆಸರು, ಕೊನೆಗೆ 'ಸ್ಕ್ಯಾನ್' ಸೇರಿಸಿ ಓಡಿಸಿ. ಸುತ್ತಲಿನ ವೈಫೈಗಳು, ಅವುಗಳ ಚಾನೆಲ್, ಎಷ್ಟು ಡಿಬಿಎಂ (ಸಿಗ್ನಲ್ ಎಷ್ಟು ಜೋರು ಅನ್ನುವ ಅಳತೆ) ಅನ್ನುವುದೆಲ್ಲ ಬರುತ್ತದೆ. ಆ ಹೊತ್ತಿನಲ್ಲಿ ನಿಮ್ಮ ವೈಫೈ ಸ್ವಲ್ಪ ತಡವರಿಸಬಹುದು. ಡಿಬಿಎಂ ಸೊನ್ನೆಗಿಂತ ಕೆಳಗಿನ ಲೆಕ್ಕ. -45 ಅಂದರೆ ಪಕ್ಕದಲ್ಲೇ ಕೂಗುತ್ತಿರುವವರು, -88 ಅಂದರೆ ದೂರದ ಪಿಸುಮಾತು. ಪ್ರತಿ 10ಕ್ಕೆ ಶಕ್ತಿ ಹತ್ತು ಪಟ್ಟು ಬದಲಾಗುತ್ತದೆ. ಎಷ್ಟು ಹೆಸರುಗಳಿವೆ ಅಂತ ಎಣಿಸುವುದಕ್ಕಿಂತ ಜೋರಾಗಿ ಕೇಳಿಸುವವರು ಯಾವ ಚಾನೆಲ್‌ನಲ್ಲಿದ್ದಾರೆ ಅಂತ ನೋಡಿ. 6ರಲ್ಲಿ -45ರವರು ಇಬ್ಬರಿದ್ದು 11ರಲ್ಲಿ -88ರವರು ಐದು ಜನ ಇದ್ದರೆ, ಮೇಲಿನ ನಾಲ್ಕು ಸಾಲುಗಳಲ್ಲಿ 6ರ ಜಾಗಕ್ಕೆ 11 ಹಾಕಿಕೊಳ್ಳಿ.